ಎಡಕ್ಕೊಂದು, ಬಲಕ್ಕೊಂದು

ಪಕ್ಕದ ಬೇಕರಿಯ ಕಬ್ಬಿಣದ ಬಾಗಿಲು ಬೆಳಗ್ಗೆ ಐದೂವರೆಗೆ ಮೇಲೇಳುತ್ತದೆ. ಮೊದಲು ಕಿರ್ರೆನ್ನುವ ಎಳೆತ, ನಡುವೆ ಎಲ್ಲೋ ಸಿಕ್ಕಿಕೊಂಡು ಒಂದು ಗಳಿಗೆಯ ಮೌನ, ಆ ಮೌನದೊಳಗೆ ಬೇಕರಿಯವನ ಒಂದು ಬೈಗುಳ, ಆಮೇಲೆ ಉಳಿದದ್ದೆಲ್ಲ ಗಡಗಡನೆ ಒಂದೇ ಉಸಿರಿಗೆ. ಮಾಳಿಗೆಯ ಕೋಣೆಯಲ್ಲಿ ಮಲಗುವ ಸೂಜಿಯಕ್ಕನಿಗೆ ಮೂವತ್ತು ವರ್ಷದಿಂದ ಇದೇ ಗಡಿಯಾರ. ಆ ಸದ್ದಿಗೆ ಎದ್ದು, ಮುಖ ತೊಳೆದು, ಕೂದಲು ಗಂಟು ಹಾಕಿಕೊಂಡು, ಹದಿನೇಳು ಮೆಟ್ಟಿಲಿಳಿದು ಅಂಗಡಿಯ ದೀಪ ಹಾಕುವ ಹೊತ್ತಿಗೆ ಸರಿಯಾಗಿ ಬೇಕರಿಯ ಹಿಟ್ಟಿನ ಯಂತ್ರ ಗುನುಗತೊಡಗುತ್ತಿತ್ತು. ಅವಳಿಗೆ ಐವತ್ತಮೂರು ತುಂಬಿದ ವರ್ಷ ಮಾತ್ರ ಈ ತಾಳ ತಪ್ಪಿತು. ಯಂತ್ರ ಗುನುಗತೊಡಗಿದಾಗ ಅವಳು ಇನ್ನೂ ಒಂಬತ್ತನೆಯ ಮೆಟ್ಟಿಲಲ್ಲಿರುತ್ತಿದ್ದಳು, ಎರಡೂ ಕೈಯಲ್ಲಿ ಕಂಬಿ ಹಿಡಿದು, ಕೆಳಗಿನ ಮೆಟ್ಟಿಲನ್ನು ಹಳ್ಳ ದಾಟುವವಳ ಹಾಗೆ ನೋಡುತ್ತ.

ಸೂಜಿ ಎಂಬುದು ಅಪ್ಪ ಇಟ್ಟ ಅಡ್ಡಹೆಸರು, ಅಕ್ಕ ಎಂಬುದು ಊರಿನವರು ಸೇರಿಸಿದ್ದು. ಮೈಯೂ ಹಾಗೇ, ಮಾತೂ ಹಾಗೇ ಎಂದು. ಮದುವೆ ಆಗಲಿಲ್ಲ, ಯಾಕೆ ಎಂದು ಕೇಳಿದವರಿಗೆ "ಅಳತೆಗೆ ಸಿಗಲಿಲ್ಲ" ಎನ್ನುತ್ತಿದ್ದಳು, ದಾರದ ಮೇಲಿಂದ ಕಣ್ಣೆತ್ತದೆ. ಅಳತೆ ಕೊಟ್ಟು ಚಪ್ಪಲಿ, ಬೂಟು ಮಾಡಿಸಿಕೊಳ್ಳುವ ಅಂಗಡಿ ಅವಳದು ಮತ್ತು ಅವಳ ಅಣ್ಣನದು. ಪಾದದ ಮೇಲಿನ ಚರ್ಮವನ್ನು ಕತ್ತರಿಸಿ ಹೊಲಿಯುವುದು ತಂಗಿಯ ಕೆಲಸ, ಅಡಿಯ ಅಟ್ಟೆ, ಹಿಮ್ಮಡಿ ಕೂರಿಸುವುದು ಅಣ್ಣನ ಕೆಲಸ. ಅಣ್ಣ ಎಂದರೆ ಆಜಾನುಬಾಹು; ಅವನು ಸುತ್ತಿಗೆ ಎತ್ತಿದರೆ ಕಪಾಟಿನ ಮೇಲಿನ ಮೊಳೆ ಡಬ್ಬಿಗಳು ಮೊದಲೇ ನಡುಗುತ್ತವೆ ಎಂದು ಅತ್ತಿಗೆ ನಗುತ್ತಾಳೆ. ಅಣ್ಣ ಅತ್ತಿಗೆ ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ, ತಂಗಿ ಮಾಳಿಗೆಯಲ್ಲಿ, ಅಡುಗೆ ಒಂದೇ.

ಆ ಅಂಗಡಿಯಲ್ಲಿ ಯಾವುದೂ ಒಂಟಿಯಾಗಿ ಇರಬಾರದು. ಅಪ್ಪನ ಕಾಲದ ಕಟ್ಟಳೆ. ಒಂಟಿ ಬೂಟು ಮೇಜಿನ ಮೇಲೆ ರಾತ್ರಿ ಕಳೆಯುವಂತಿಲ್ಲ. ಎಡಗಾಲಿನದು ಮುಗಿದರೆ ಬಲಗಾಲಿನದೂ ಮುಗಿದೇ ದೀಪ ಆರಬೇಕು. ಕತ್ತರಿ ಎರಡು, ಮೇಣದ ಉಂಡೆ ಎರಡು, ನೀರಿನ ಲೋಟ ಎರಡು. ಗೋಡೆಯುದ್ದಕ್ಕೂ ಮರದ ಅಚ್ಚುಗಳು ಜೋಡಿ ಜೋಡಿಯಾಗಿ ತೂಗುತ್ತವೆ, ಪ್ರತಿ ಗಿರಾಕಿಯ ಪಾದಕ್ಕೂ ಅವರದೇ ಒಂದು ಜೋಡಿ. ವಯಸ್ಸಾಗುತ್ತ ಯಾರಿಗಾದರೂ ಹೆಬ್ಬೆರಳ ಬುಡ ಊದಿಕೊಂಡರೆ ಅಚ್ಚಿನ ಆ ಜಾಗಕ್ಕೆ ಒಂದು ಚರ್ಮದ ತುಂಡು ಅಂಟಿಸುತ್ತಾರೆ. ಹಾಗೆ ಗಿರಾಕಿಯ ಜೊತೆ ಅಚ್ಚಿಗೂ ವಯಸ್ಸಾಗುತ್ತದೆ.

ಅಪ್ಪ ಹೋದದ್ದು ಈ ಕಟ್ಟಳೆಯನ್ನು ಮುರಿದೇ. ಐವತ್ತನಾಲ್ಕು ತುಂಬಿ ನಾಲ್ಕು ತಿಂಗಳಾಗಿತ್ತು. ಎಡಗಾಲಿನ ಬೂಟು ಮುಗಿಸಿ ಪಕ್ಕಕ್ಕಿಟ್ಟು, ಬಲಗಾಲಿನದನ್ನು ತೊಡೆಯ ಮೇಲೆ ಕವುಚಿಕೊಂಡು ದಾರ ಎಳೆದವರು ಎಳೆದ ಹಾಗೇ ಕೂತುಬಿಟ್ಟರು. ತಂಗಿ ಎದುರಿಗೇ ಇದ್ದಳು. ಅಪ್ಪ ಯೋಚನೆ ಮಾಡುತ್ತಿದ್ದಾರೆ ಎಂದುಕೊಂಡು ಅವಳು ಅರ್ಧ ಸಾಲು ಹೊಲಿಗೆ ಹಾಕಿಯೂ ಇದ್ದಳು. ಹೃದಯ ನಿಂತಿತ್ತು.

ಆಮೇಲೆ ಅಣ್ಣ ತಂಗಿ ಇಬ್ಬರೂ ಪರೀಕ್ಷೆಗೆ ರಕ್ತ ಕೊಟ್ಟರು. ಇಬ್ಬರದೂ ಅಪ್ಪನ ರಕ್ತವೇ. ಕೊಬ್ಬು ಇರಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು. ವಂಶದಲ್ಲೇ ಬಂದದ್ದು, ಮಾತ್ರೆ ಜೀವನಪೂರ್ತಿ ಬೇಕು ಎಂದು ಡಾಕ್ಟರಮ್ಮ ಬರೆದುಕೊಟ್ಟರು. ಅಂದಿನಿಂದ ಅಂಗಡಿ ಮುಚ್ಚುವ ಹೊತ್ತಿಗೆ ಒಂದು ಚಿಕ್ಕ ಪದ್ಧತಿ ಬೆಳೆಯಿತು. ಅಣ್ಣ ಮೊಳೆಗಳ ಖಾನೆಯಿಂದ ಮಾತ್ರೆಯ ಪಟ್ಟಿ ತೆಗೆಯುತ್ತಾನೆ. ಒಂದನ್ನು ತಂಗಿಯ ಅಂಗೈಗೆ, ಒಂದನ್ನು ತನ್ನ ಅಂಗೈಗೆ. "ಎಡಕ್ಕೊಂದು, ಬಲಕ್ಕೊಂದು" ಎನ್ನುತ್ತಾನೆ. ಎಡಗಡೆ ಕೂರುವವಳು ತಂಗಿ. ಎರಡು ಲೋಟ ನೀರು, ಎರಡು ಗುಟುಕು, ಬಾಗಿಲು ಕೆಳಗೆ. ಅಣ್ಣ ಅಪ್ಪನ ವಯಸ್ಸನ್ನು ದಾಟಿದ ದಿನ ಯಾರಿಗೂ ಏನೂ ಹೇಳಲಿಲ್ಲ; ಪಟ್ಟಿಯನ್ನು ಮಾತ್ರ ಕಣ್ಣಿಗೊತ್ತಿಕೊಂಡು ಖಾನೆಗೆ ಹಾಕಿದ. ತಂಗಿ ಅದನ್ನು ನೋಡಿದಳು, ನೋಡಲಿಲ್ಲ ಎಂಬಂತೆ ಇದ್ದಳು.

ತಪ್ಪು ನಡೆದದ್ದು ಅದರ ಮಾರನೆಯ ವರ್ಷ. ಅಣ್ಣನ ರಕ್ತದಲ್ಲಿ ಕೊಬ್ಬು ಸಾಕಷ್ಟು ಇಳಿದಿಲ್ಲವೆಂದು ಡಾಕ್ಟರಮ್ಮ ಅವನ ಮಾತ್ರೆಯ ಪ್ರಮಾಣವನ್ನು ಎರಡರಷ್ಟು ಮಾಡಿದರು. ತಂಗಿ ಅಂದು ಜೊತೆಗೆ ಹೋಗಿರಲಿಲ್ಲ, ಯಾರದೋ ಮದುವೆಯ ಬೂಟಿನ ಅವಸರದಲ್ಲಿದ್ದಳು. ಅಣ್ಣ ಔಷಧಿ ಅಂಗಡಿಯಲ್ಲಿ ನಿಂತು ಹೊಸ ಮಾತ್ರೆಯನ್ನು ಇಬ್ಬರಿಗೂ ಕೊಂಡ. ಅವನಿಗೆ ಎರಡನೆಯ ಯೋಚನೆಯೇ ಬರಲಿಲ್ಲ. ತನಗೆ ಗಟ್ಟಿ ಅಟ್ಟೆ ಹಾಕಿಕೊಂಡು ತಂಗಿಗೆ ಸವೆದದ್ದನ್ನು ಬಿಡುವ ಅಣ್ಣ ಅವನಲ್ಲ. ತಂಗಿಯೂ ಕೇಳಲಿಲ್ಲ. ಅಣ್ಣ ಕೊಟ್ಟದ್ದು, ನುಂಗಿದಳು.

ಎರಡು ತಿಂಗಳಾಗುವಷ್ಟರಲ್ಲಿ ತೊಡೆಗಳು ಹಸಿ ಮರಳು ತುಂಬಿದ ಚೀಲವಾದವು. ಆಮೇಲೆ ಭುಜ. ಮೇಣ ಹಚ್ಚಿದ ದಾರವನ್ನು ಎರಡೂ ಕೈ ಅಗಲಿಸಿ ಎಳೆದಾಗ ಹೊಲಿಗೆ ಕಚ್ಚಿಕೊಳ್ಳಬೇಕು; ಅವಳ ಎಳೆತ ನಡುದಾರಿಯಲ್ಲೇ ಸೋಲುತ್ತಿತ್ತು. ವಯಸ್ಸು ಎಂದುಕೊಂಡಳು. ಒಂದು ಬೆಳಗ್ಗೆ ಅತ್ತಿಗೆ ಹಾಲಿನ ಪಾತ್ರೆ ಹಿಡಿದು ಬಂದವಳು ಮೆಟ್ಟಿಲ ಕೆಳಗೆ ನಿಂತುಬಿಟ್ಟಳು. ನಾದಿನಿ ಕೂತುಕೊಂಡು ಇಳಿಯುತ್ತಿದ್ದಳು, ನಡೆಯಲು ಕಲಿಯದ ಮಗುವಿನ ಹಾಗೆ, ಒಂದೊಂದೇ ಮೆಟ್ಟಿಲು ಜಾರುತ್ತ.

"ಇದೇನೇ ಇದು?"

"ಮೆಟ್ಟಿಲು ಒರೆಸ್ತಿದ್ದೀನಿ ಅತ್ತಿಗೆ. ಬಟ್ಟೆ ಸಿಗಲಿಲ್ಲ."

ಅತ್ತಿಗೆ ನಗಲಿಲ್ಲ. ಪಾತ್ರೆ ಕೆಳಗಿಟ್ಟು ಕೈ ಕೊಟ್ಟು ಎಬ್ಬಿಸಿದಳು. "ನಿಮ್ಮಣ್ಣಂಗೆ ಹೇಳ್ತೀನಿ."

"ಹೇಳಿದ್ರೆ ಅವನು ನನ್ನ ಕೆಲಸನೂ ತಾನೇ ಮಾಡ್ತಾನೆ. ಆಮೇಲೆ ನಾನೇನು ಮಾಡ್ಲಿ, ಗೋಡೆಗೆ ತೂಗ್ಹಾಕ್ಕೊಳ್ಲಾ?"

ಅತ್ತಿಗೆ ಗಂಡನಿಗೆ ಹೇಳಲಿಲ್ಲ. ಆದರೆ ಅಂದಿನಿಂದ ದಿನವೂ ಬಿಸಿನೀರಿನ ಚೀಲವೊಂದು ಮಾಳಿಗೆಯ ಹಾಸಿಗೆಯ ಮೇಲೆ ತಾನಾಗಿಯೇ ಬಂದು ಕೂರುತ್ತಿತ್ತು.

ನಿಜ ತಿಳಿದದ್ದು ಆಕಸ್ಮಿಕವಾಗಿ. ಅತ್ತಿಗೆಯ ತಮ್ಮನಿಗೆ ಹುಷಾರಿಲ್ಲವೆಂದು ಗಂಡ ಹೆಂಡತಿ ಮೂರು ವಾರ ಬೇರೆ ಊರಿಗೆ ಹೋದರು. ಹೋಗುವ ಗಡಿಬಿಡಿಯಲ್ಲಿ ಅಣ್ಣ ಮಾತ್ರೆಯ ಪಟ್ಟಿಗಳನ್ನು ಜೇಬಿನಲ್ಲೇ ಹಾಕಿಕೊಂಡು ಹೋದ. ಬಂದ ಮೇಲೆ ತಗೊಂಡರಾಯಿತು ಎಂದು ತಂಗಿ ಸುಮ್ಮನಿದ್ದಳು. ಹದಿನೈದನೆಯ ದಿನವೋ ಹದಿನಾರನೆಯ ದಿನವೋ, ಬೇಕರಿಯ ಯಂತ್ರ ಗುನುಗತೊಡಗಿದಾಗ ಅವಳು ದೀಪದ ಗುಂಡಿಯ ಮೇಲೆ ಬೆರಳಿಟ್ಟಿದ್ದಳು. ಹಿಂದೆ ತಿರುಗಿ ಮೆಟ್ಟಿಲನ್ನು ನೋಡಿದಳು. ಯಾವಾಗ ಇಳಿದೆ ಎಂಬುದೇ ಅವಳಿಗೆ ನೆನಪಾಗಲಿಲ್ಲ.

ಅಣ್ಣ ಬಂದ. ಅಂದೇ ಸಂಜೆ ಪಟ್ಟಿ ಹೊರಬಂತು. "ಎಡಕ್ಕೊಂದು." ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನುಂಗಿದರೆ ಕೈಕಾಲು ಹೋಗುತ್ತದೆ. ನುಂಗದಿದ್ದರೆ ಅಪ್ಪನ ಹಾದಿ. ಅವಳಿಗೆ ಐವತ್ತನಾಲ್ಕು ತುಂಬಲು ಕೆಲವೇ ತಿಂಗಳಿತ್ತು. ಅಣ್ಣನಿಗೆ ಬೇಡ ಎನ್ನುವುದಂತೂ ಅವಳ ಬಾಯಿಗೆ ಬರುವ ಮಾತಲ್ಲ. ಆ ಅಂಗೈ ಅವಳಿಗೆ ಸೈಕಲ್ ಕಲಿಸುವಾಗ ಬೆನ್ನ ಹಿಂದೆ ಹಿಡಿದ ಅಂಗೈ. ಮಾತ್ರೆಯನ್ನು ದವಡೆಗೆ ಸರಿಸಿ, ನೀರು ಕುಡಿದು, ಅಣ್ಣ ಬಾಗಿಲೆಳೆಯಲು ಬೆನ್ನು ತಿರುಗಿಸಿದಾಗ ಅದನ್ನು ಕಪಾಟಿನ ಮೇಲಿದ್ದ ಒಂದು ಬೂಟಿನೊಳಗೆ ಹಾಕಿದಳು. ರೈಲಿನ ಗಾರ್ಡ್ ಒಬ್ಬ ಅಟ್ಟೆ ಬದಲಿಸಲು ಕೊಟ್ಟು, ವರ್ಗವಾಗಿ ಹೋಗಿ, ಕೊಂಡೊಯ್ಯಲು ಮರೆತ ಜೋಡಿ ಅದು. ಎಡಗಾಲಿನ ಬೂಟು.

ಮಾರನೆಯ ದಿನವೂ ಅದೇ ಬೂಟು. ಅದರ ಮಾರನೆಯ ದಿನವೂ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ದಾರ ಮತ್ತೆ ಬಿಗಿಯಾಗಿ ಕಚ್ಚಿಕೊಳ್ಳತೊಡಗಿತು. ಆದರೆ ಹೊಲಿಯುತ್ತ ಹೊಲಿಯುತ್ತ ಒಮ್ಮೊಮ್ಮೆ ಕೈ ನಿಲ್ಲಿಸಿ ಎದೆಯ ಸದ್ದು ಕೇಳುತ್ತ ಕೂರುತ್ತಿದ್ದಳು. ಪಕ್ಕದಲ್ಲಿ ಅಣ್ಣ ಸುತ್ತಿಗೆ ಬಡಿಯುತ್ತಿದ್ದರೆ ಅದು ಕೇಳಿಸುತ್ತಿರಲಿಲ್ಲ, "ಸ್ವಲ್ಪ ನಿಲ್ಸು" ಎನ್ನುತ್ತಿದ್ದಳು. ಅಣ್ಣ ನಿಲ್ಲಿಸುತ್ತಿದ್ದ. ಯಾಕೆ ಎಂದು ಕೇಳುತ್ತಿರಲಿಲ್ಲ. ತಂಗಿ ಮನಸ್ಸಿನಲ್ಲೇ ಅಳತೆ ಹಾಕುತ್ತಿದ್ದಾಳೆ ಎಂದುಕೊಂಡಿದ್ದ.

ಎರಡು ತಿಂಗಳು ಹೀಗೆ ಕಳೆದ ಮೇಲೆ ಒಂದು ಮಧ್ಯಾಹ್ನ ರೈಲಿನ ಗಾರ್ಡ್ ಬಾಗಿಲಲ್ಲಿ ನಿಂತಿದ್ದ. "ಇನ್ನೂ ಇದೆಯಾ ನನ್ನ ಬೂಟು?"

"ನಮ್ಮಲ್ಲಿ ಬೂಟು ಕಳೆಯಲ್ಲ ಗಾರ್ಡ್ ಸಾಹೇಬ್ರೇ, ಗಿರಾಕಿಗಳು ಕಳೀತಾರೆ" ಎಂದು ಅಣ್ಣ ಕುರ್ಚಿ ಹತ್ತಿದ. ಸೂಜಿಯಕ್ಕ ದಾರ ಕೈಬಿಟ್ಟಳು. "ತಡಿ, ನಾನು ತೆಗೀತೀನಿ" ಎಂದು ಅವಳು ಏಳುವಷ್ಟರಲ್ಲಿ ಬೂಟಿನ ಜೋಡಿ ಅಣ್ಣನ ಕೈಯಲ್ಲಿತ್ತು. ಅದು ಗಿಲಕಿಯ ಹಾಗೆ ಸದ್ದು ಮಾಡಿತು. ಅಣ್ಣ ಬಲಗಾಲಿನದನ್ನು ಅಲ್ಲಾಡಿಸಿದ, ಸುಮ್ಮನಿತ್ತು. ಎಡಗಾಲಿನದನ್ನು ಬಗ್ಗಿಸಿದ. ಬಿಳಿ ಮಾತ್ರೆಗಳು ಮೇಜಿನ ಮೇಲೆ ಬಿದ್ದು, ಪುಟಿದು, ಚರ್ಮದ ಚೂರುಗಳ ನಡುವೆ ನೆಲದ ತುಂಬ ಚೆಲ್ಲಾಪಿಲ್ಲಿಯಾದವು.

ಗಾರ್ಡ್ ಬಗ್ಗಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದ. "ನಾನು ಅಟ್ಟೆ ಹಾಕೋಕೆ ಕೊಟ್ಟಿದ್ದೆ. ನೀವು ಅದಕ್ಕೆ ಔಷಧಿನೂ ಹಾಕಿದೀರಲ್ಲ. ಅಷ್ಟೊಂದು ಕಾಯಿಲೆ ಬಿದ್ದಿತ್ತಾ?"

ಯಾರೂ ನಗದ್ದನ್ನು ಕಂಡು ಅವನು ಬೂಟು ಕಂಕುಳಲ್ಲಿಟ್ಟುಕೊಂಡು, ಎತ್ತಿದ ಮಾತ್ರೆಯನ್ನು ಮೆತ್ತಗೆ ಮೇಜಿನ ಮೇಲಿಟ್ಟು ಹೊರಟುಹೋದ.

ಅಣ್ಣ ಮೊಣಕಾಲೂರಿ ಮಾತ್ರೆ ಆರಿಸತೊಡಗಿದ. ಬಹಳ ಹೊತ್ತು ಆರಿಸಿದ. ಅಷ್ಟು ದೊಡ್ಡ ದೇಹ ನೆಲದ ಮೇಲೆ ಅಷ್ಟು ಸಣ್ಣದಾಗಿ ಕಾಣುವುದನ್ನು ತಂಗಿ ಮೊದಲ ಸಲ ನೋಡಿದಳು.

"ಅಪ್ಪನ ಥರ ಹೋಗ್ಬೇಕು ಅಂತಿದ್ದೀಯಾ?" ಅಣ್ಣ ತಲೆಯೆತ್ತಲಿಲ್ಲ.

"ಅಪ್ಪ ಕೂತಲ್ಲೇ ಹೋದ್ರು. ನನಗೆ ಕೂತಲ್ಲಿಂದ ಏಳೋಕೇ ಆಗ್ತಿರಲಿಲ್ಲ ಅಣ್ಣ."

"ಏಳೋಕಾಗ್ತಿರಲಿಲ್ವಾ? ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನಗೂ ಮಾತ್ರೆ ಮೇಲೆ ನಂಬಿಕೆ ಹೋದ್ರೆ? ನೀನೂ ಬಿಟ್ಟುಬಿಟ್ರೆ?"

ಅಣ್ಣ ಮುಷ್ಟಿಯಲ್ಲಿದ್ದ ಮಾತ್ರೆಗಳನ್ನು ಮೊಳೆ ಡಬ್ಬಿಯೊಳಗೆ ಸುರಿದ. ಒಳಗಿನ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ, ಮೆಟ್ಟಿಲ ವಿಷಯವನ್ನೆಲ್ಲ ಆಗ ಹೇಳಿದಳು. ಕೊನೆಯಲ್ಲಿ, "ಇಬ್ಬರೂ ಸೇರಿ ಒಬ್ಬರನ್ನೊಬ್ಬರು ಕಾಪಾಡ್ತಾ ಕಾಪಾಡ್ತಾ ಸಾಯ್ತೀರಿ. ನಾಳೆ ಡಾಕ್ಟರ ಹತ್ರ ಹೋಗಿ" ಎಂದು ಒಲೆಯ ಕಡೆ ಹೋದಳು.

ಡಾಕ್ಟರಮ್ಮನ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ತೂಕದ ಯಂತ್ರ. ಸೂಜಿಯಕ್ಕನನ್ನು ಅದರ ಮೇಲೆ ನಿಲ್ಲಿಸಿದರು. ನಲವತ್ತಾರು ಕಿಲೋ. ನೋವಿನ ಕಥೆಯನ್ನೂ ಬೂಟಿನ ಕಥೆಯನ್ನೂ ಕೇಳಿದರು. ಮಾತ್ರೆಯ ಪಟ್ಟಿ ನೋಡಿದರು, ಹಳೆಯ ಚೀಟಿ ನೋಡಿದರು, ಮತ್ತೆ ಪಟ್ಟಿ ನೋಡಿದರು.

"ಇವರಿಗೆ ನಾನು ಬರೆದಿದ್ದು ಇದರ ಅರ್ಧ. ಇದನ್ನ ಯಾರು ಬರೆದಿದ್ದು?"

"ನಾನೇ" ಎಂದ ಅಣ್ಣ.

"ನೀವೇನು ಡಾಕ್ಟರಾ?"

"ಅಲ್ಲಮ್ಮ. ಅಣ್ಣ."

ಡಾಕ್ಟರಮ್ಮ ಬೈಯಲು ತೆರೆದ ಬಾಯನ್ನು ಮುಚ್ಚಿಕೊಂಡರು. ಕನ್ನಡಕ ತೆಗೆದು ಒರೆಸಿದರು. ಆಮೇಲೆ ನಿಧಾನವಾಗಿ ಹೇಳಿದರು. "ಮಾತ್ರೆ ಕೆಲಸ ಮಾಡೋದು ಲಿವರ್‌ನಲ್ಲಿ. ರಕ್ತದಿಂದ ಅದನ್ನ ಒಳಗೆ ಕರ್ಕೊಳ್ಳೋಕೆ ಲಿವರ್‌ಗೆ ಬಾಗಿಲುಗಳಿವೆ ಅಂದ್ಕೊಳ್ಳಿ. ಕೆಲವರಿಗೆ ಹುಟ್ಟಿನಿಂದಲೇ ಆ ಬಾಗಿಲು ಬಿಗಿ. ಮಾತ್ರೆ ರಕ್ತದಲ್ಲೇ ಹೆಚ್ಚು ಹೊತ್ತು ಉಳಿದು ಸ್ನಾಯುಗಳಿಗೆ ತೊಂದ್ರೆ ಕೊಡುತ್ತೆ."

"ನಮ್ಮ ಪಕ್ಕದ ಬೇಕರಿ ಬಾಗಿಲ ಥರ" ಎಂದಳು ಸೂಜಿಯಕ್ಕ. "ಅರ್ಧಕ್ಕೆ ನಿಲ್ಲುತ್ತೆ."

"ಇರಬಹುದು, ಪರೀಕ್ಷೆ ಮಾಡಿ ನೋಡ್ಬೇಕು. ನೋವೆಲ್ಲ ಮಾತ್ರೆದೇ ತಪ್ಪು ಅಂತಲೂ ಅಲ್ಲ. ಥೈರಾಯ್ಡ್ ನೋಡೋಣ, ಬೇರೆದೂ ನೋಡೋಣ."

ಅಣ್ಣನಿಗೆ ಸಮಾಧಾನವಾಗಲಿಲ್ಲ. "ನನಗೇನೂ ಆಗ್ಲಿಲ್ವಲ್ಲಮ್ಮ. ಒಂದೇ ಅಪ್ಪನ ಮಕ್ಕಳು ನಾವು."

"ಅಪ್ಪ ಒಬ್ಬರೇ, ಸರಿ. ಅಮ್ಮನೂ ಒಬ್ಬರಿದ್ದರಲ್ಲ? ಇಬ್ಬರಿಂದಲೂ ಅರ್ಧರ್ಧ ಬರುತ್ತೆ. ಯಾವ ಅರ್ಧ ಯಾವ ಮಗುಗೆ ಅನ್ನೋದು ಚೀಟಿ ಎತ್ತಿದ ಹಾಗೆ." ಅವರು ಸೂಜಿಯಕ್ಕನ ಕಡೆ ತಿರುಗಿದರು. "ಅದೂ ಅಲ್ಲದೆ ಈ ಸ್ನಾಯು ನೋವು ಗಂಡಸರಿಗಿಂತ ಹೆಂಗಸರಲ್ಲಿ ಸ್ವಲ್ಪ ಹೆಚ್ಚು ಕಾಣುತ್ತೆ. ಮೈ ಸಣ್ಣಗಿದ್ರೆ ಇನ್ನೂ ಹೆಚ್ಚು. ಹಿಂದೆ ಈ ಮಾತ್ರೆಗಳನ್ನ ಪರೀಕ್ಷೆ ಮಾಡಿದಾಗ ಸೇರಿಸ್ಕೊಂಡಿದ್ದು ಬಹುಪಾಲು ಗಂಡಸರನ್ನೇ. ಹಾಗಂತ ನಿಮಗೆ ಮಾತ್ರೆ ಬೇಡ ಅಂತಲ್ಲ. ನಿಮ್ಮ ಹೃದಯಕ್ಕೂ ಅದು ಅಷ್ಟೇ ಬೇಕು. ನಿಮಗೆ ಹೊಂದೋದನ್ನ ಹುಡುಕ್ಬೇಕು. ಇನ್ನೊಮ್ಮೆ ಬೂಟಿಗೆ ಕೊಡೋ ಬದ್ಲು ನನಗೆ ಹೇಳಿ."

ಸೂಜಿಯಕ್ಕ ಕೈಚೀಲದ ದಾರವನ್ನು ಬೆರಳಿಗೆ ಸುತ್ತುತ್ತಿದ್ದಳು. "ನಮ್ಮಪ್ಪ ಹೇಳ್ತಿದ್ರು ಡಾಕ್ಟರಮ್ಮ, ಹೆಂಗಸಿನ ಪಾದ ಅಂದ್ರೆ ಗಂಡಸಿನ ಪಾದ ಚಿಕ್ಕದು ಮಾಡಿದ್ದಲ್ಲ ಅಂತ. ಹಿಮ್ಮಡಿ ಬೇರೆ, ಮೇಲಿನ ಏರು ಬೇರೆ. ಚಿಕ್ಕ ಅಚ್ಚು ತಗೊಂಡ್ರೆ ಸಾಲಲ್ಲ, ಹೊಸದೇ ಕೆತ್ತಬೇಕು."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ಅವಳನ್ನು ನೋಡಿದರು. "ನಿಮ್ಮಪ್ಪ ಸರಿಯಾಗೇ ಹೇಳಿದ್ದಾರೆ."

ಇಬ್ಬರೂ ಮನೆಗೆ ನಡೆದರು. ಔಷಧಿ ಅಂಗಡಿಯ ಮುಂದೆ ಅಣ್ಣನ ಹೆಜ್ಜೆ ನಿಧಾನವಾಯಿತು. "ನಿನಗೆ ಕಡಿಮೆ ಕೊಟ್ಟ ಹಾಗಾಗುತ್ತಲ್ಲ ಅನ್ನಿಸ್ತು. ಅಷ್ಟೇ ಕಣೇ."

"ಗೊತ್ತು. ಆದ್ರೆ ಅಣ್ಣ, ಗಿರಾಕಿಗೆ ಎರಡೂ ಬಲಗಾಲಿಂದೇ ಕೊಟ್ರೆ ಜೋಡಿ ಆಗುತ್ತಾ?"

ಅಣ್ಣ ನಿಂತ. ನಗು ಬಂತೋ ಅಳು ಬಂತೋ, ಮೂಗು ಮಾತ್ರ ಒರೆಸಿಕೊಂಡ.

ಇಬ್ಬರ ಪರೀಕ್ಷೆಯ ಫಲವೂ ಬರಲು ಮೂರು ವಾರ ಹಿಡಿಯಿತು. ಥೈರಾಯ್ಡ್ ಸರಿಯಾಗಿತ್ತು. ಬಿಗಿ ಬಾಗಿಲಿನ ಗುಣ ತಂಗಿಯಲ್ಲಿತ್ತು, ಅಣ್ಣನಲ್ಲಿ ಇರಲಿಲ್ಲ. ಅದು ಅಮ್ಮನಿಂದ ಬಂತೋ ಅಪ್ಪನಿಂದ ಬಂತೋ ಹೇಳಲು ಆ ಕಾಗದಕ್ಕೆ ಆಗುವುದಿಲ್ಲ ಎಂದರು ಡಾಕ್ಟರಮ್ಮ. ಸೂಜಿಯಕ್ಕ ಮಾತ್ರ ಅಮ್ಮನದೇ ಎಂದು ತೀರ್ಮಾನಿಸಿಕೊಂಡಳು. ಅವಳಿಗೆ ಐದು ವರ್ಷವಿದ್ದಾಗಲೇ ಹೋದ ಅಮ್ಮ. ಒಂದು ಜೊತೆ ಮರದ ಅಚ್ಚು ಬಿಟ್ಟರೆ ಅಮ್ಮನದೆಂದು ಹೇಳಿಕೊಳ್ಳಲು ಮನೆಯಲ್ಲಿ ಏನೂ ಇರಲಿಲ್ಲ. ಈಗ ಮೈಯೊಳಗೇ ಅಮ್ಮನ ಒಂದು ಬಾಗಿಲು ಇದೆ, ಮೆಲ್ಲಗೆ ತೆರೆಯುತ್ತದೆ. ಹಾಗೆ ಅಂದುಕೊಳ್ಳುವುದು ಅವಳಿಗೆ ಇಷ್ಟವಾಯಿತು. ಯಾರಿಗೂ ಹೇಳಲಿಲ್ಲ.

ಹೊಸ ಮಾತ್ರೆ ಗುಲಾಬಿ ಬಣ್ಣದ್ದು, ಬಹಳ ಚಿಕ್ಕ ಪ್ರಮಾಣದ್ದು, ಆ ಬಾಗಿಲನ್ನು ಅಷ್ಟಾಗಿ ನೆಚ್ಚಿಕೊಳ್ಳದ್ದು. ಮೊದಲು ದಿನ ಬಿಟ್ಟು ದಿನ, ಆರು ವಾರದ ಮೇಲೆ ರಕ್ತ ನೋಡುವುದು. ಮೊದಲ ಸಂಜೆ ಅಣ್ಣ ಎರಡು ಬೇರೆ ಬೇರೆ ಪಟ್ಟಿ ತೆಗೆದು ಮೇಜಿನ ಮೇಲಿಟ್ಟು, ಕನ್ನಡಕ ಹಾಕಿಕೊಂಡು, ಎರಡರ ಹೆಸರನ್ನೂ ಎರಡೆರಡು ಸಲ ಓದಿದ. "ಎಡಕ್ಕೊಂದು" ಎಂದು ಗುಲಾಬಿಯದನ್ನು ಅವಳ ಅಂಗೈಗೆ ಹಾಕಿ ಅಲ್ಲೇ ನಿಂತ.

"ಏನು ನೋಡ್ತೀಯಾ? ಗಾರ್ಡ್ ಬೂಟು ತಗೊಂಡು ಹೋಗಾಯ್ತು" ಎಂದಳು ತಂಗಿ, ಮತ್ತು ನುಂಗಿದಳು.

ಆ ಆರು ವಾರಗಳಲ್ಲೇ ಒಂದು ದಿನ ಅಣ್ಣ ಕಾಗದ ಹಾಸಿ "ಕಾಲಿಡು" ಎಂದ. ನಲವತ್ತು ವರ್ಷ ಊರಿನವರ ಕಾಲಿಗೆಲ್ಲ ಹೊಲಿದ ಸೂಜಿಯಕ್ಕನಿಗೆ ತನ್ನದೇ ಎಂಬ ಅಚ್ಚು ಇರಲಿಲ್ಲ. ಅಮ್ಮನ ಅಚ್ಚಿನ ಮೇಲೆ ಅಲ್ಲಲ್ಲಿ ಚರ್ಮದ ತುಂಡು ಅಂಟಿಸಿ ಅವಳ ಚಪ್ಪಲಿ ಮಾಡಿಕೊಳ್ಳುತ್ತಿದ್ದರು; ಅದು ಕಚ್ಚುತ್ತಿತ್ತು, ಅವಳು ಸುಮ್ಮನಿರುತ್ತಿದ್ದಳು. ಅಣ್ಣ ಪೆನ್ಸಿಲನ್ನು ಪಾದದ ಸುತ್ತ ಎಳೆದ. ಎಳೆದು, ಎರಡೂ ಗೆರೆಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದ. "ಎಡಗಾಲು ಉದ್ದ ಇದೆ ನಿಂದು."

"ಹುಟ್ಟಿದಾಗಿಂದ."

"ನನಗೆ ಗೊತ್ತೇ ಇರ್ಲಿಲ್ಲ."

"ನೀನು ಯಾವಾಗ ಕೇಳಿದ್ದೆ?"

ಅವನು ಸಂಜೆಗಳಲ್ಲಿ ಕೂತು ಅಚ್ಚು ಕೆತ್ತಿದ. ಎಡಗಾಲಿನದು ಎರಡು ಸಲ ಕೆಟ್ಟು ಒಲೆ ಸೇರಿತು. ಅಷ್ಟರಲ್ಲಿ ಸೂಜಿಯಕ್ಕನಿಗೆ ಐವತ್ತನಾಲ್ಕು ತುಂಬಿತ್ತು. ರಕ್ತದ ವರದಿ ಬಂತು. ಕೊಬ್ಬು ಅಣ್ಣನಷ್ಟು ಇಳಿದಿರಲಿಲ್ಲ, ಆದರೆ ಚೆನ್ನಾಗಿಯೇ ಇಳಿದಿತ್ತು. ಇನ್ನು ದಿನವೂ ತಗೊಳ್ಳಿ, ನೋವು ಬಂದರೆ ಅಂದೇ ಬನ್ನಿ, ಮೂರು ತಿಂಗಳಿಗೆ ಮತ್ತೆ ನೋಡೋಣ ಎಂದರು ಡಾಕ್ಟರಮ್ಮ. ಆ ಮೂರು ತಿಂಗಳೂ ಕಳೆಯಿತು. ನೋವು ಬರಲಿಲ್ಲ.

ಒಂದು ಬೆಳಗ್ಗೆ ಬೇಕರಿಯ ಬಾಗಿಲು ಕಿರ್ರೆಂದಿತು, ನಿಂತಿತು, ಬೈಸಿಕೊಂಡಿತು, ಗಡಗಡನೆ ಮೇಲೇರಿತು. ಸೂಜಿಯಕ್ಕ ಹದಿನೇಳು ಮೆಟ್ಟಿಲಿಳಿದು ದೀಪ ಹಾಕಿದಳು. ಅಣ್ಣ ಆಗಲೇ ಎದ್ದು ಬಂದು ತನ್ನ ಜಾಗದಲ್ಲಿ ಕೂತಿದ್ದ. ಅಪ್ಪ ಬದುಕಿದ್ದಕ್ಕಿಂತ ಅವಳು ಅಂದು ಒಂದು ದಿನ ಹೆಚ್ಚು ಬದುಕಿದ್ದಳು. ಅದು ಇಬ್ಬರಿಗೂ ಗೊತ್ತಿತ್ತು. ಅವಳ ಜಾಗದ ಮುಂದೆ ಹೊಸ ಜೋಡಿ ಇತ್ತು, ಕಂದು ಬಣ್ಣದ್ದು, ಮೇಲಿನ ಹೊಲಿಗೆಯೂ ಅವನದೇ, ಸೊಟ್ಟ.

"ಹೊಲಿಗೆ ನೋಡ್ಬೇಡ" ಎಂದ ಅಣ್ಣ. "ಹಾಕ್ಕೊಂಡು ನೋಡು."

ಅವಳು ಹಾಕಿಕೊಂಡಳು. ನಿಂತಳು. ಅಂಗಡಿಯೊಳಗೆ ಮೂರು ಹೆಜ್ಜೆ ಹಾಕಿ ಅಷ್ಟರಲ್ಲಿ ಏನೂ ತಿಳಿಯದು ಎಂಬಂತೆ ತಲೆಯಾಡಿಸಿ ಬಾಗಿಲು ದಾಟಿದಳು. ಬೀದಿ ಇನ್ನೂ ಖಾಲಿ, ಬೇಕರಿಯ ಬಿಸಿ ಗಾಳಿ ಮಾತ್ರ.

"ಬಲಗಾಲು ಸರಿಯಾಗಿದೆ" ಎಂದು ಅವಳು ಹಿಂದಿರುಗಿ ನೋಡದೆ ನಡೆಯುತ್ತಲೇ ಕೂಗಿ ಹೇಳಿದಳು, "ಎಡಗಾಲಲ್ಲಿ ಕಿರುಬೆರಳ ಹತ್ರ ಮಾತ್ರ ಒಂಚೂರು, ಕಚ್ಚುತ್ತೆ ಅಂತಲ್ಲ, ಒಂದು ಸುತ್ತು ಹೋಗಿ ಬಂದ್ರೆ ಗೊತ್ತಾಗುತ್ತೆ, ಅಲ್ಲಿವರೆಗೂ ನೀನು ನನ್ನ ಹಳೇ ಚಪ್ಪಲಿ ಒಲೆಗೆ ಹಾಕ್ಬೇಡ."